ಹಾಲಿನಲ್ಲಿ ನುಂಗಿದ ಮಾತ್ರೆ

ಹೋದ ತಿಂಗಳು ನನಗೆ ಮೂತ್ರದ ಸೋಂಕಾಗಿ ಡಾಕ್ಟರು ಐದು ದಿನದ ಮಾತ್ರೆ ಬರೆದುಕೊಟ್ಟರು. ಸಂಜೆ ಹೆಂಡತಿ ಮಾತ್ರೆಯ ಜೊತೆಗೆ ಒಂದು ಲೋಟ ಬಿಸಿ ಹಾಲನ್ನೂ ತಂದು ಮುಂದಿಟ್ಟಳು. ಹಾಲು ತಳ ಹಿಡಿದಿತ್ತು, ಸೀದ ವಾಸನೆ ಮೂಗಿಗೆ ಬಡಿಯಿತು. ಮಾತ್ರೆಯ ಹಾಳೆ ತಿರುಗಿಸಿ ಹೆಸರು ಓದಿದೆ. ಸಿಪ್ರೊಫ್ಲಾಕ್ಸಾಸಿನ್. ನನಗೇನಾಯಿತೋ, ಹಾಲು ತೆಗೆದುಕೊಂಡು ಹೋಗು, ನೀರು ತಾ ಎಂದು ಮನೆಯೇ ಹಾರಿಹೋಗುವಂತೆ ಕೂಗಿದೆ. ನನ್ನ ಕೂಗಾಟ ಅವಳಿಗೆ ಹೊಸದಲ್ಲ, ಆದರೂ ಈ ಸಲ ಕಕ್ಕಾಬಿಕ್ಕಿಯಾಗಿ ನಿಂತಳು. ಒಂದು ಲೋಟ ಹಾಲಿಗೆ ಇಷ್ಟೊಂದು ಯಾಕೆ ಎಂದು ಕೇಳಿದಳು. ಹೇಳಲು ಬಾಯಿ ತೆರೆದವನಿಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲ ಅದು. ನಾನು ಔಷಧಿ ಕಂಪನಿಯೊಂದಕ್ಕೆ ಮೆಡಿಕಲ್ ರೆಪ್ ಆಗಿ ಸೇರಿ ನಾಲ್ಕು ತಿಂಗಳಾಗಿತ್ತು. ಸೋಮವಾರ ಶ್ರೀರಂಗಪಟ್ಟಣ, ಮಂಗಳವಾರ ಪಾಂಡವಪುರ, ಬುಧವಾರ ಕೆ.ಆರ್. ಪೇಟೆ, ಗುರುವಾರ ನಾಗಮಂಗಲ. ಉಳಿದೆರಡು ದಿನ ಬೆಳಗೊಳ, ಶೀಳನೆರೆ, ಬಿಂಡಿಗನವಿಲೆ ಎಂದು ಹಳ್ಳಿಗಳ ಡಾಕ್ಟರುಗಳು. ಇಸ್ತ್ರಿ ಮಾಡಿದ ಶರಟು, ಕುತ್ತಿಗೆಗೆ ಟೈ, ಕೈಯಲ್ಲಿ ಕುರಿಮರಿಯಷ್ಟು ಭಾರದ ಕಪ್ಪು ಚೀಲ. ಬಿಂಡಿಗನವಿಲೆಯ ಬಸ್ಸಿನಲ್ಲಿ ನಿಜವಾದ ಕುರಿಮರಿಗಳ ನಡುವೆ ಟೈ ಕಟ್ಟಿಕೊಂಡು ನಿಂತವನನ್ನು ನೋಡಿ ಜನ ನಗುತ್ತಿದ್ದರು. ನನಗೂ ಒಳಗೊಳಗೇ ನಗು ಬರುತ್ತಿತ್ತು.

ನಾನು ಓದಿದ್ದು ಬಿ.ಎಸ್ಸಿ., ಅದರಲ್ಲೂ ಗಣಿತ ಮತ್ತು ಭೌತಶಾಸ್ತ್ರ. ಜೀವಶಾಸ್ತ್ರಕ್ಕೆ ಎಸ್ಸೆಸ್ಸೆಲ್ಸಿಯಲ್ಲೇ ಕೈಮುಗಿದು ಬಿಟ್ಟಿದ್ದೆ. ಅಂಥವನನ್ನು ಬೆಂಗಳೂರಿನ ಹೋಟೆಲೊಂದರಲ್ಲಿ ಹತ್ತು ದಿನ ಕೂರಿಸಿ, ಗೋಡೆಯ ಮೇಲೆ ಚಿತ್ರ ತೋರಿಸಿ, ನಮ್ಮ ಹೊಸ ಮಾತ್ರೆ, ಇದೇ ಸಿಪ್ರೊಫ್ಲಾಕ್ಸಾಸಿನ್, ಬ್ಯಾಕ್ಟೀರಿಯಾದ ಒಳಗಿರುವ ಡಿಎನ್‌ಎ ಗೈರೇಸ್ ಎಂಬ ಕಿಣ್ವವನ್ನು ಹಿಡಿಯುತ್ತದೆ, ಬ್ಯಾಕ್ಟೀರಿಯಾ ಅಲ್ಲೇ ಸಾಯುತ್ತದೆ ಎಂದು ಬಾಯಿಪಾಠ ಮಾಡಿಸಿದರು. ಚಿತ್ರದಲ್ಲಿ ನೀಲಿ ಆಲೂಗಡ್ಡೆಯಂಥದ್ದೊಂದು ಹುರಿ ಹಾಕಿದ ದಾರವನ್ನು ತಬ್ಬಿಕೊಂಡಿತ್ತು. ನನಗೆ ತಲೆಬುಡ ಅರ್ಥವಾಗಲಿಲ್ಲ. ಅರ್ಥವಾಗುವುದು ಬೇಕಾಗಿಯೂ ಇರಲಿಲ್ಲ. ಡಾಕ್ಟರುಗಳು ನಮಗೆ ಕೊಡುತ್ತಿದ್ದುದೇ ಎರಡು ನಿಮಿಷ. ಅಷ್ಟರಲ್ಲಿ ಆಲೂಗಡ್ಡೆ ತೋರಿಸಿ, ಗೈರೇಸ್ ಎಂದು ಎರಡು ಸಲ ಹೇಳಿ, ಒಂದು ಪೆನ್ನು ಕೊಟ್ಟು ಹೊರಬಿದ್ದರೆ ಕೆಲಸ ಮುಗಿಯಿತು.

ಪಾಂಡವಪುರದಲ್ಲಿ ಚಿಕ್ಕತಾಯಮ್ಮ ಎಂಬುವರ ಮನೆಯ ಮುಂಭಾಗದ ಕೋಣೆ ನನಗೆ ಬಾಡಿಗೆಗೆ ಸಿಕ್ಕಿತ್ತು. ಗಂಡ ತೀರಿಕೊಂಡ ಮೇಲೆ ಎರಡು ಸೀಮೆಹಸು ಕಟ್ಟಿ ಮಗಳನ್ನು ಪಿಯುಸಿವರೆಗೆ ಓದಿಸಿದ ಹೆಂಗಸು. ಮಗಳು ಮಂಜುಳ, ಇಪ್ಪತ್ತೊಂದು ವರ್ಷ, ಹಾಲಿನ ಡೈರಿಯಲ್ಲಿ ಟೆಸ್ಟರ್. ಬೆಳಿಗ್ಗೆ ಸಂಜೆ ಜನ ತರುವ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು ನೀರು ಬೆರೆಸಿದವರನ್ನು ಹಿಡಿಯುವುದು ಅವಳ ಕೆಲಸ. ಸ್ವಂತ ಅವ್ವನ ಹಾಲಿಗೂ ರಿಯಾಯಿತಿ ತೋರಿಸುತ್ತಿರಲಿಲ್ಲ. ನನ್ನನ್ನು ಅಣ್ಣ ಎನ್ನುತ್ತಿದ್ದಳು, ಅಷ್ಟೇ ಸಲೀಸಾಗಿ ಕಾಲೆಳೆಯುತ್ತಿದ್ದಳು.

ಆ ಬೀದಿಯವರಿಗೆ ರೆಪ್ಪಿಗೂ ಡಾಕ್ಟರಿಗೂ ಅಂಥ ವ್ಯತ್ಯಾಸವಿರಲಿಲ್ಲ. ಚೀಲದ ತುಂಬ ಔಷಧಿ ಇಟ್ಟುಕೊಂಡವನಿಗೆ ಔಷಧಿ ಗೊತ್ತಿರಲೇಬೇಕಲ್ಲ. ತಲೆನೋವು, ಎದೆಯುರಿ ಎಂದು ಜಗುಲಿಗೆ ಬಂದು ಕೇಳುತ್ತಿದ್ದರು. ನಾನು ಡಾಕ್ಟರಲ್ಲ ಎಂದು ಮೊದಮೊದಲು ಹೇಳುತ್ತಿದ್ದೆ, ಆಮೇಲೆ ಹೇಳುವುದನ್ನು ಬಿಟ್ಟೆ. ಸುಳ್ಳು ಯಾಕೆ, ನನಗದು ಇಷ್ಟವಾಗುತ್ತಿತ್ತು.

ನಾಗಮಂಗಲದಲ್ಲಿ ಮಾತ್ರ ನನ್ನ ಬಾಯಿಪಾಠ ನಡೆಯಲಿಲ್ಲ. ಅಲ್ಲೊಬ್ಬ ಡಾಕ್ಟರಮ್ಮ ಇದ್ದರು, ಅರವತ್ತು ದಾಟಿದವರು, ಗಂಟಲು ಸ್ವಲ್ಪ ಗಡಸು. ನನ್ನ ಮಾತೆಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗೈರೇಸ್ ಕೆಲಸ ನಿಂತರೆ ಬ್ಯಾಕ್ಟೀರಿಯಾ ಸುಮ್ಮನೆ ಕಾದುಕೊಂಡು ಕೂತಿರಬಹುದಲ್ಲ. ಸಾಯೋದು ಯಾಕೆ?"

ನಾನು ಮತ್ತೆ ಆಲೂಗಡ್ಡೆ ಚಿತ್ರವನ್ನೇ ತೋರಿಸಿದೆ. ಮುಂದಿನ ಗುರುವಾರ ತಿಳಿದುಕೊಂಡು ಬಾ, ಅಲ್ಲಿಯವರೆಗೆ ನಿನ್ನ ಮಾತ್ರೆ ಬರೆಯುವುದಿಲ್ಲ ಎಂದು ಕಳಿಸಿದರು. ಮ್ಯಾನೇಜರಿಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಕೇಳಿದರೆ, ಅದೆಲ್ಲ ನಿನಗ್ಯಾಕೆ, ಪೆನ್ನು ಕೊಟ್ಟೆಯೋ ಇಲ್ಲವೋ ಎಂದರು.

ಒಂದು ವಾರ ತಲೆ ಕೆರೆದುಕೊಂಡೆ. ಗೈರೇಸ್ ಡಿಎನ್‌ಎಯ ಸಿಕ್ಕು ಬಿಡಿಸುತ್ತದೆ ಎಂದು ಬಾಯಿಪಾಠದಲ್ಲಿತ್ತು. ಮೊದಲು ಡಿಎನ್‌ಎ ಯಾಕೆ ಸಿಕ್ಕುಗಟ್ಟುತ್ತದೆ ಎನ್ನುವುದೇ ತಿಳಿಯಲಿಲ್ಲ. ಅದನ್ನು ತಿಳಿಸಿದ್ದು ಚಿಕ್ಕತಾಯಮ್ಮನ ಹಸು. ಗೂಟದ ಸುತ್ತ ಸುತ್ತಿ ಸುತ್ತಿ ಅದು ಹಗ್ಗಕ್ಕೆ ಎಷ್ಟು ಹುರಿ ಏರಿಸಿಕೊಂಡಿತ್ತೆಂದರೆ, ಹಗ್ಗ ತನ್ನ ಮೇಲೇ ತಾನು ಸುತ್ತಿಕೊಂಡು ಗಂಟುಗಂಟಾಗಿ ಮೋಟುದ್ದವಾಗಿತ್ತು. ಚಿಕ್ಕತಾಯಮ್ಮ ಗೂಟದ ಕಡೆಯ ಗಂಟು ಬಿಚ್ಚಿದರು. ಬಿಚ್ಚಿದ ತುದಿ ಗಿರಗಿರ ತಿರುಗಿ ಹಗ್ಗ ತಾನಾಗಿಯೇ ಸರಿಹೋಯಿತು. ಹೆಣೆದುಕೊಂಡ ಎರಡು ಎಳೆಗಳನ್ನು ಒಂದು ಕಡೆಯಿಂದ ಬಿಡಿಸುತ್ತ ಹೋದರೆ ಇನ್ನೊಂದು ಕಡೆ ಹುರಿ ಹೀಗೇ ಬಿಗಿಯುತ್ತದೆ ಎಂದು ನನಗೆ ಹೊಳೆಯಿತು. ಬ್ಯಾಕ್ಟೀರಿಯಾ ಒಂದು ಎರಡಾಗಬೇಕಾದರೆ ಎಳೆಗಳನ್ನು ಬಿಡಿಸಲೇಬೇಕು.

ಗುರುವಾರ ಹೋಗಿ ಹಸುವಿನ ಹಗ್ಗದ ಕಥೆ ಹೇಳಿದೆ. ಡಾಕ್ಟರಮ್ಮ ರೋಗಿಗಳ ಚೀಟಿಗಳಿಗೆ ಹಾಕಿದ್ದ ರಬ್ಬರ್ ಬ್ಯಾಂಡ್ ತೆಗೆದು, ಎರಡು ಬೆರಳಲ್ಲಿ ಹೊಸೆದು ಹೊಸೆದು ನನ್ನ ಮುಂದೆ ಹಿಡಿದರು. ಅದು ಮುದುಡಿ ಸುರುಳಿಯಾಗಿತ್ತು.

"ನಿಮ್ಮ ಹಸುವಿನ ಹಗ್ಗಕ್ಕೆ ತುದಿ ಇತ್ತು. ಬ್ಯಾಕ್ಟೀರಿಯಾದ ಡಿಎನ್‌ಎ ಹೀಗೆ ಉಂಗುರ. ಇದರ ತುದಿ ಎಲ್ಲಿದೆ, ತೋರಿಸು."

ಇರಲಿಲ್ಲ. ಹಾಗಾದರೆ ಕತ್ತರಿಸಬೇಕು ಎಂದೆ. ಅವರ ಮುಖದಲ್ಲಿ ಮೊದಲ ಸಲ ನಗು ಕಂಡೆ. ಆಮೇಲೆ ಹೊರಗೆ ಹತ್ತು ಜನ ರೋಗಿಗಳು ಕಾಯುತ್ತಿದ್ದರೂ ಅರ್ಧ ಗಂಟೆ ಪಾಠ ಮಾಡಿದರು. ಗೈರೇಸ್ ಎನ್ನುವುದು ನಾಲ್ಕು ತುಂಡುಗಳ ಕೂಟ, ಎ ಎಂಬುವು ಎರಡು, ಬಿ ಎಂಬುವು ಎರಡು. ಎ ಜೋಡಿ ಡಿಎನ್‌ಎಯ ಎರಡೂ ಎಳೆಗಳನ್ನು ಒಂದು ಕಡೆ ಕತ್ತರಿಸಿ, ಕತ್ತರಿಸಿದ ತುದಿಗಳನ್ನು ತನ್ನ ಮೈಗೇ ಅಂಟಿಸಿಕೊಂಡು ಬಿಗಿಯಾಗಿ ಹಿಡಿದಿರುತ್ತದೆ. ಬಿ ಜೋಡಿ ಶಕ್ತಿ ಒದಗಿಸಿ ಅದೇ ಉಂಗುರದ ಇನ್ನೊಂದು ಭಾಗವನ್ನು ಆ ಸಂದಿಯಲ್ಲಿ ತೂರಿಸುತ್ತದೆ. ತೂರಿದ ಮೇಲೆ ಕತ್ತರಿಸಿದ್ದನ್ನು ಮತ್ತೆ ಬೆಸೆಯುತ್ತದೆ. ಎಲ್ಲಿ ಕತ್ತರಿಸಿತ್ತೆಂದು ಗುರುತು ಕೂಡ ಉಳಿಯುವುದಿಲ್ಲ. ಒಂದು ಸಲ ಹೀಗೆ ಮಾಡಿದರೆ ಎರಡು ಸುತ್ತು ಹುರಿ ಇಳಿಯುತ್ತದೆ. ಇದಕ್ಕೊಬ್ಬ ತಮ್ಮನೂ ಇದ್ದಾನೆ, ಒಂದು ಉಂಗುರ ಎರಡಾದ ಮೇಲೆ ಸರಪಳಿಯ ಕೊಂಡಿಗಳಂತೆ ಸಿಕ್ಕಿಕೊಂಡ ಅವೆರಡನ್ನೂ ಬೇರೆ ಮಾಡುವುದು ಅವನ ಕೆಲಸ. ನಿಮ್ಮ ಮಾತ್ರೆ ಬಂದು ಗೈರೇಸನ್ನು ಕೊಲ್ಲುವುದಿಲ್ಲ, ಕತ್ತರಿಸಿದ ಹೊತ್ತಿಗೆ ಸರಿಯಾಗಿ ಸಿಕ್ಕಿಸಿಬಿಡುತ್ತದೆ ಎಂದರು. ಬೆಸೆಯಲು ಆಗದು, ಬಿಡಲೂ ಆಗದು. ಹೀಗೆ ಹತ್ತಾರು ಕಡೆ ತುಂಡಾಗಿ ನಿಂತರೆ ಬ್ಯಾಕ್ಟೀರಿಯಾ ಬದುಕುವುದೆಲ್ಲಿ?

ನಾನು ಆ ದಿನ ಬಸ್ಸಿನಲ್ಲಿ ಕೂತು ಒಬ್ಬನೇ ನಗುತ್ತಿದ್ದೆ. ನಾಲ್ಕು ತಾಲ್ಲೂಕಿನ ರೆಪ್ಪುಗಳಲ್ಲಿ ಈ ಗುಟ್ಟು ಗೊತ್ತಿರುವವನು ನಾನೊಬ್ಬನೇ ಎಂಬ ಗರ್ವ ತಲೆಗೇರಿತ್ತು.

ಮನೆಗೆ ಬಂದರೆ ಮಂಜುಳ ಚಾಪೆ ಹಿಡಿದಿದ್ದಳು. ನಾಲೆಗೆ ನೀರು ಬಿಟ್ಟ ಹೊಸದರಲ್ಲಿ ಊರಿನಲ್ಲಿ ಅಲ್ಲಲ್ಲಿ ಜ್ವರವಿತ್ತು. ಅವಳಿಗೆ ನಾಲ್ಕೈದು ದಿನದಿಂದ ಮೈ ಬಿಸಿಯಿದ್ದರೂ ಡೈರಿಗೆ ಹೋಗಿಬರುತ್ತಿದ್ದಳಂತೆ. ಶುಕ್ರವಾರ ಪಾಂಡವಪುರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಟೈಫಾಯ್ಡ್ ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆನಲ್ಲ, ನಮ್ಮ ಕಂಪನಿಯ ಮಾತ್ರೆಯನ್ನೇ ಬರೆದರು, ದಿನಕ್ಕೆರಡರಂತೆ. ನನಗೆ ಹೆಮ್ಮೆಯಾಯಿತು. ಅದರ ಕೆಲಸ ನನಗೆ ಗೊತ್ತಿತ್ತು.

ಮನೆಯಲ್ಲಿ ಚಿಕ್ಕತಾಯಮ್ಮ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದರು. ಅವರ ಲೆಕ್ಕದಲ್ಲಿ ಔಷಧಿಗಳು ಎರಡೇ ಜಾತಿ, ಈಟಿನವು, ಅಂದರೆ ಮೈಗೆ ಉಷ್ಣ ಮಾಡುವವು, ಮತ್ತು ತಂಪಿನವು. ಗಟ್ಟಿ ಮಾತ್ರೆ ಎಂದರೆ ಈಟು, ಅದು ಕರುಳು ಸುಡುತ್ತದೆ, ಹಾಲಿನ ಜೊತೆ ಹೋದರೆ ತಣ್ಣಗಿರುತ್ತದೆ. ಆ ಸೀಮೆಯಲ್ಲಿ ಹಸು ಕಟ್ಟಿದ ಯಾವ ಮನೆಯಲ್ಲೂ ಇದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ.

"ಬಲೇ ಈಟಿನ್ ಮಾತ್ರೆ ಕಾಣ್ತದೆ ಕಣಪ್ಪ ಶೇಕ್ರಪ್ಪ. ಹಾಲಲ್ಲೇ ಕೊಡ್ಲಾ?"

"ಹೂಂ ಕಣಮ್ಮ, ಹಾಲಲ್ಲೇ ಕೊಡಿ" ಎಂದೆ.

ಇಷ್ಟೇ ನಾನು ಆಡಿದ ಮಾತು. ಡಾಕ್ಟರನ್ನು ಕೇಳಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸ ತಪ್ಪಿಹೋಗಿತ್ತು, ಅಷ್ಟೇ. ಸಾಲದ್ದಕ್ಕೆ ಮರುದಿನ ಮಂಜುಳ ಹೊಟ್ಟೆಯುರಿ ಎಂದಾಗ ಚೀಲದಲ್ಲಿದ್ದ ನಮ್ಮ ಕಂಪನಿಯದೇ ಗುಲಾಬಿ ಬಣ್ಣದ ಆಂಟಾಸಿಡ್ ಬಾಟಲಿಯನ್ನೂ ಕೊಟ್ಟೆ. ಚಿಕ್ಕತಾಯಮ್ಮ ಹಸು ಕಟ್ಟಿದಾಗಿನಿಂದ ಮೊದಲ ಸಲ ಸಂಜೆಯ ಹಾಲನ್ನು ಡೈರಿಗೆ ಕಳಿಸದೆ ಮಗಳಿಗೆಂದು ಉಳಿಸಿಕೊಂಡರು. ಎರಡು ಹೊತ್ತೂ ಒಂದೊಂದು ಚೊಂಬು ಹಾಲು, ಅದರ ಜೊತೆ ಮಾತ್ರೆ, ಹಿಂದೆಯೇ ಎರಡು ಚಮಚ ಗುಲಾಬಿ ಔಷಧಿ.

ಮೂರು ದಿನಕ್ಕೆ ಜ್ವರ ಇಳಿಯಬೇಕಿತ್ತು. ಇಳಿಯಲಿಲ್ಲ. ಐದು ದಿನವಾಯಿತು. ಮಧ್ಯಾಹ್ನವಾಗುತ್ತಲೇ ನೂರಮೂರು. ತುಟಿ ಒಣಗಿ, ಕಣ್ಣು ಗುಳಿಬಿದ್ದು, ಡೈರಿಯಲ್ಲಿ ಗಂಡಸರನ್ನೂ ಗದರಿಸುತ್ತಿದ್ದ ಹುಡುಗಿ ಲೋಟ ಎತ್ತಲಾರದೆ ಮಲಗಿದ್ದಳು. ನನ್ನ ತಲೆ ಕೆಟ್ಟು ಕೆರವಾಯಿತು. ಮಾತ್ರೆ ನಕಲಿಯೋ ಎಂದು ಬೇರೆ ಅಂಗಡಿಯಿಂದ ಹೊಸ ಹಾಳೆ ತಂದೆ. ಅದೂ ಅಷ್ಟೇ. ಇವಳ ಹೊಟ್ಟೆಯ ಬ್ಯಾಕ್ಟೀರಿಯಾದ ಗೈರೇಸೇ ಬೇರೆ ಆಕಾರದ್ದೋ? ಮಾತ್ರೆಗೆ ಸಿಗದಂತೆ ಬದಲಾಗಿಬಿಟ್ಟಿದೆಯೋ? ಹಿಂದಿನ ವಾರ ಕನ್ನಡಿಯಂತೆ ಸ್ಪಷ್ಟವಿದ್ದುದು ಈಗ ಪೂರ್ತಿ ಕಲಸಿಹೋಯಿತು. ಬುಧವಾರ ಕೆ.ಆರ್. ಪೇಟೆಯ ಡಾಕ್ಟರೊಬ್ಬರ ಮುಂದೆ ಆಲೂಗಡ್ಡೆ ಚಿತ್ರ ತೆಗೆದವನು ಹಾಗೇ ಚೀಲ ಮುಚ್ಚಿಕೊಂಡು ಎದ್ದುಬಂದೆ.

ಸಂಜೆ ಮಂಜುಳ ನನ್ನ ಮುಖ ನೋಡಿ ಸಣ್ಣಗೆ ನಕ್ಕಳು. ಅವಳಿಗೆ ನಾನು ರಬ್ಬರ್ ಬ್ಯಾಂಡಿನ ಪಾಠವನ್ನೆಲ್ಲ ಹೇಳಿದ್ದೆ.

"ನಿಮ್ ಮಾತ್ರೆಗೆ ಆ ಗೈರೇಸಿನ್ ಅಡ್ರೆಸ್ಸೇ ಸಿಕ್ಕಿಲ್ಲ ಕಣಣ್ಣ" ಎಂದಳು.

ಅಂದೇ ಪಾಂಡವಪುರದ ಡಾಕ್ಟರು ಬಂದು ಹೊಟ್ಟೆ ಒತ್ತಿ ನೋಡಿ ನನ್ನನ್ನು ಹೊರಗೆ ಕರೆದರು. ಇದು ಹೀಗೇ ಮುಂದುವರಿದರೆ ಕರುಳು ತೂತಾಗುವ ಭಯವಿದೆ, ಶನಿವಾರದವರೆಗೆ ನೋಡಿ ಮೈಸೂರಿಗೆ ಸಾಗಿಸೋಣ ಎಂದರು. ಒಳಗೆ ಚಿಕ್ಕತಾಯಮ್ಮ ಹಾಲು ಆರಿಸುತ್ತ ಕೂತಿದ್ದರು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಬೈಗುಳವಾದರೂ ತಿಂದು ಹಗುರಾಗುತ್ತಿದ್ದೆ.

ಗುರುವಾರ ನಾಗಮಂಗಲಕ್ಕೆ ಹೋದವನು ಚಿತ್ರ ತೆಗೆಯಲೇ ಇಲ್ಲ. ಡಾಕ್ಟರಮ್ಮನ ಮುಂದೆ ಕೂತು ಎಲ್ಲ ಹೇಳಿಕೊಂಡೆ. ಬ್ಯಾಕ್ಟೀರಿಯಾದ ಗೈರೇಸ್ ಬದಲಾಗಿರಬಹುದೇ ಎಂದು ಕೇಳಿದೆ. ಅಂಥದ್ದೂ ಉಂಟು, ಒಳ್ಳೆಯ ಪ್ರಶ್ನೆ ಎಂದರು. ಆಮೇಲೆ ಅವರು ಕೇಳಿದ್ದು ಬೇರೆ.

"ಮಾತ್ರೆಯನ್ನ ಯಾವುದರ ಜೊತೆ ನುಂಗ್ತಾಳೆ?"

"ಹಾಲಿನ ಜೊತೆ. ನಾನೇ ಹೇಳಿದ್ದೆ, ಮೇಡಂ."

"ಇನ್ನೇನು ಕೊಡ್ತೀರಿ?"

ಗುಲಾಬಿ ಬಾಟಲಿಯ ಹೆಸರು ಹೇಳಿದೆ. ಅವರು ಚೀಲದಿಂದ ನನ್ನ ಮಾತ್ರೆಯ ಡಬ್ಬಿ ತೆಗೆಸಿ, ಒಳಗೆ ಮಡಚಿಟ್ಟಿದ್ದ ಚೀಟಿಯನ್ನು ಗಟ್ಟಿಯಾಗಿ ಓದು ಎಂದರು. ಆ ಚೀಟಿಯಿದ್ದ ಡಬ್ಬಿಗಳನ್ನು ನಾಲ್ಕು ತಾಲ್ಲೂಕಿಗೂ ಹೊತ್ತಿದ್ದೇನೆ, ಒಂದು ಸಲವೂ ಬಿಚ್ಚಿ ನೋಡಿರಲಿಲ್ಲ. ಇರುವೆಯಂಥ ಅಕ್ಷರ. ಹಾಲು, ಹಾಲಿನ ಪದಾರ್ಥ, ಆಂಟಾಸಿಡ್ ಇವುಗಳ ಜೊತೆ ಸೇವಿಸಬಾರದು ಎಂಬ ಸಾಲನ್ನು ಎರಡು ಸಲ ಓದಿದೆ. ಹಾಲಿನಲ್ಲಿರುವ ಸುಣ್ಣದ ಅಂಶ, ಆ ಬಾಟಲಿಯಲ್ಲಿರುವ ಲೋಹದ ಅಂಶ ಎರಡೂ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತವೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ, ಹೆಚ್ಚಿನ ಪಾಲು ಗೈರೇಸಿನವರೆಗೆ ಹೋಗಿಯೇ ಇಲ್ಲ ಎಂದು ಡಾಕ್ಟರಮ್ಮ ಹೇಳಿದರು. ಬೈಯಲಿಲ್ಲ. ಇವತ್ತಿನಿಂದ ನೀರಿನಲ್ಲಿ ಕೊಡಿಸು, ಬಾಟಲಿ ಬಿಸಾಕು, ಹಾಲು ಬೇಕಾದರೆ ಬೇರೆ ಹೊತ್ತಿಗೆ ಕುಡಿಯಲಿ, ಹೊಟ್ಟೆ ನೋವೆಂದರೆ ಮಾತ್ರ ಒಂದು ಗಳಿಗೆಯೂ ಕಾಯದೆ ಮೈಸೂರಿಗೆ ಹೋಗಿ ಎಂದರು.

ಜಕ್ಕನಹಳ್ಳಿ ಮಾರ್ಗದ ಬಸ್ಸು ಹಿಡಿದೆ. ಮಳೆ. ಬಸ್ಸು ಕೈ ಅಡ್ಡ ಹಾಕಿದವರಿಗೆಲ್ಲ ನಿಲ್ಲುತ್ತಿತ್ತು. ಸಂಜೆಯ ಮಾತ್ರೆ ಏಳು ಗಂಟೆಗೆ. ಅಷ್ಟರಲ್ಲಿ ಮುಟ್ಟಬೇಕು ಎಂದು ಜೀವ ಹಾರುತ್ತಿತ್ತು. ಇಳಿದವನು ಟೈ ಹೆಗಲ ಮೇಲೆ ಹಾಕಿಕೊಂಡು ಕೆಸರಲ್ಲಿ ಓಡಿದೆ. ಒಳಗೆ ಕಾಲಿಟ್ಟಾಗ ಚಿಕ್ಕತಾಯಮ್ಮ ಒಂದು ಕೈಯಲ್ಲಿ ಮಗಳ ತಲೆ ಎತ್ತಿ ಹಿಡಿದು, ಇನ್ನೊಂದರಲ್ಲಿ ಹಾಲಿನ ಚೊಂಬು ಹಿಡಿದಿದ್ದರು. ಮಾತ್ರೆ ಇನ್ನೂ ತಟ್ಟೆಯಲ್ಲೇ ಇತ್ತು. ನೀರಲ್ಲಿ ಕೊಡಿ, ನಾಗಮಂಗಲದ ಡಾಕ್ಟರಮ್ಮ ಹೇಳಿದ್ದಾರೆ, ಹಾಲು ನಡುಮಧ್ಯಾಹ್ನಕ್ಕಿರಲಿ ಎಂದು ಏದುಸಿರು ಬಿಡುತ್ತ ಹೇಳಿದೆ.

ಚಿಕ್ಕತಾಯಮ್ಮನ ಕೈ ಅಲ್ಲೇ ನಿಂತಿತು. "ಯಾಕಪ್ಪ? ಹಾಲಿಂದ ಏನಾರ ಎಚ್ಚುಕಮ್ಮಿ ಆಯ್ತಾ?"

ಹೇಳಬೇಕಾದ ಗಳಿಗೆ ಅದೇ. ತಪ್ಪು ನಿಮ್ಮದಲ್ಲ, ಹಾಲು ಎಂದವನು ನಾನು ಎನ್ನಬೇಕಿತ್ತು. ಆ ಮುಖ ನೋಡಿದರೆ, ಆರು ದಿನ ತನ್ನ ಕೈಯಾರೆ ಕುಡಿಸಿದ್ದು ಮಗಳಿಗೆ ಮುಳುವಾಯಿತೆಂದು ಅವರು ಹೇಗೆ ತಡೆದುಕೊಂಡಾರು ಎನ್ನಿಸಿತು. ನನ್ನ ಮಾನ ಹೋಗುತ್ತದೆ ಎಂಬ ಹೆದರಿಕೆಯೂ ಇತ್ತು. ಎರಡರಲ್ಲಿ ಯಾವುದು ನನ್ನ ಬಾಯಿ ಕಟ್ಟಿತೆಂದು ಇಂದಿಗೂ ತಿಳಿಯದು.

"ಹಾಲಿಂದ ಏನಿಲ್ಲಮ್ಮ" ಎಂದೆ. "ಇದು ಬೇರೆ ಥರದ ಮಾತ್ರೆ, ಅದಕ್ಕೆ."

ಮಂಜುಳ ತಟ್ಟೆಯಲ್ಲಿದ್ದ ಮಾತ್ರೆಯ ಹಾಳೆಯನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಅದೇ ಮಾತ್ರೆ, ಅದೇ ಹಾಳೆ. ನೀರಿನಲ್ಲಿ ನುಂಗಿದಳು.

ಪಾಂಡವಪುರದ ಡಾಕ್ಟರಿಗೆ ಮಾತ್ರ ಆಗಲೇ ಹೋಗಿ ನಿಜ ಹೇಳಿದೆ. ನಾನೂ ಹೇಳಬೇಕಿತ್ತು ಎಂದು ಅವರೇ ಹಣೆ ಚಚ್ಚಿಕೊಂಡು, ಮಾತ್ರೆಯನ್ನು ಇನ್ನಷ್ಟು ದಿನ ಮುಂದುವರಿಸಿದರು. ಶುಕ್ರವಾರ ಜ್ವರ ಹಾಗೇ ಇತ್ತು. ಶನಿವಾರ ಮೈಸೂರಿಗೆ ಕಾರು ಗೊತ್ತುಮಾಡಿ ಇಟ್ಟಿದ್ದೆ, ಮಧ್ಯಾಹ್ನ ನೂರೆರಡು ದಾಟಲಿಲ್ಲ, ಡಾಕ್ಟರು ಇನ್ನೊಂದು ದಿನ ನೋಡೋಣ ಎಂದರು. ಭಾನುವಾರ ನೂರೊಂದು. ಸೋಮವಾರ ಬೆಳಿಗ್ಗೆ ಅವಳ ಬೆನ್ನೆಲ್ಲ ಬೆವತು ರವಿಕೆ ಒದ್ದೆಯಾಗಿತ್ತು. ಚಿಕ್ಕತಾಯಮ್ಮ ಹಿತ್ತಿಲಿಗೆ ಹೋಗಿ ಹಸುವಿನ ಕುತ್ತಿಗೆಗೆ ಆತುಕೊಂಡು ಅತ್ತರು. ನಾನು ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಅವಳ ತಲೆಗೂದಲು ಮಾತ್ರ ಮುಂದಿನ ತಿಂಗಳುಗಳಲ್ಲಿ ಹಿಡಿಹಿಡಿಯಾಗಿ ಉದುರಿತು. ಡೈರಿಗೆ ತಲೆಗೆ ವಸ್ತ್ರ ಕಟ್ಟಿಕೊಂಡು ಹೋಗುತ್ತಿದ್ದಳು. ಒಂದು ದಿನ ಚೀಲದಲ್ಲಿ ಹುಡುಕಿದಾಗ ನಾಗಮಂಗಲದಲ್ಲಿ ಓದಿದ ಆ ಚೀಟಿ ಸಿಗಲಿಲ್ಲ. ಬಸ್ಸಿನಲ್ಲೆಲ್ಲೋ ಬಿದ್ದಿರಬೇಕು ಎಂದುಕೊಂಡೆ. ವರ್ಷ ತುಂಬುವ ಮೊದಲೇ ನನಗೆ ಹಾಸನಕ್ಕೆ ವರ್ಗವಾಯಿತು.

ಇದನ್ನೆಲ್ಲ ಹೆಂಡತಿಗೆ ಹೇಳಿ ಮುಗಿಸಿದಾಗ, ಹೋಗಿ ಹೇಳಿಬಾ ಎಂದಳು, ಅಷ್ಟೇ. ಮಾತ್ರೆ ಮುಗಿದ ಮೇಲೆ ಹೋದೆ. ಚಿಕ್ಕತಾಯಮ್ಮನಿಗೆ ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಮಂಜುಳ ಈಗ ಡೈರಿಯ ಕಾರ್ಯದರ್ಶಿ, ಗಂಡನ ಜೊತೆ ಅದೇ ಮನೆಯಲ್ಲಿದ್ದಾಳೆ. ಹಿತ್ತಿಲಲ್ಲಿ ಈಗ ನಾಲ್ಕು ಹಸು. ಚಿಕ್ಕತಾಯಮ್ಮ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಎದುರಿಗಿದ್ದ ಅಳಿಯನಿಗೆ ನನ್ನನ್ನು ತೋರಿಸಿದರು.

"ಈಯಪ್ಪ ಅವತ್ತು ಹಾಲಲ್ಲೇ ಕೊಡಿ ಅಂದ ನೋಡು, ಅದೇ ನನ್ ಮಗೀನ ಉಳ್ಸಿದ್ದು. ಅಷ್ಟು ದಿನ ಜ್ವರ ಸುಟ್ರೂವೆ ಹಾಲೇ ಕಣಪ್ಪ ಜೀವ ಇಡ್ಕಂಡಿದ್ದು."

ಹೇಳಲೆಂದೇ ಬಂದಿದ್ದೆ, ಅಮ್ಮ ಎಂದು ಬಾಯಿ ತೆರೆದೆ. ಮಂಜುಳ ಅಡುಗೆಮನೆಯಿಂದ ಲೋಟ ಹಿಡಿದು ಬಂದವಳು ನನ್ನ ಮುಂದೆ ನಿಂತಳು.

"ಹಾಲು ಆರೋಯ್ತದೆ, ಕುಡೀರಿ ಅಣ್ಣ" ಎಂದಳು.

ಕುಡಿದೆ. ಚಿಕ್ಕತಾಯಮ್ಮ ಲೋಟ ಖಾಲಿಯಾಗುವವರೆಗೂ ನೋಡುತ್ತಿದ್ದರು.

ಮಂಜುಳ ಬಸ್ ಸ್ಟಾಪಿನವರೆಗೆ ಬಂದಳು. ಸ್ವಲ್ಪ ದೂರ ನಡೆದ ಮೇಲೆ, ಆ ಚೀಟಿಯನ್ನು ನನ್ನ ಚೀಲದಿಂದ ತೆಗೆದವಳು ತಾನೇ ಎಂದಳು. ಜ್ವರ ಬಿಟ್ಟ ವಾರ ಸಾಲು ಸಾಲಾಗಿ ಓದಿದ್ದಳಂತೆ. ಅವ್ವನಿಗೆ ಓದು ಬರುವುದಿಲ್ಲ, ಆದರೆ ಯಾರ ಕೈಯಲ್ಲಾದರೂ ಓದಿಸಿಬಿಟ್ಟಾಳು ಎಂದು ಅವತ್ತೇ ಒಲೆಗೆ ಹಾಕಿದಳಂತೆ. ನನ್ನ ಮೇಲೆ ಸಿಟ್ಟು ಬರಲಿಲ್ಲವಾ ಎಂದು ಕೇಳಿದೆ.

"ಬರ್ದೆ ಇರ್ತದಾ ಅಣ್ಣ? ಈಗ್ಲೂ ಐತೆ. ಬಸ್ ಬರೋಗಂಟ ನಿಂತಿರ್ತೀನಿ, ನಡೀರಿ."

ಬಸ್ಸು ಬರಲು ಮುಕ್ಕಾಲು ಗಂಟೆಯಾಯಿತು. ಸಂಜೆಯ ಹಾಲು ಅಳೆಯುವ ಹೊತ್ತು ಮೀರುತ್ತಿದ್ದರೂ ಅವಳು ನಿಂತೇ ಇದ್ದಳು.